ಹೇಮಾವತಿ ಎಂಬುವವರು

ಹುಚ್ಚಮ್ಮನವರ ಕಥೆ ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರು ಹೇಳುವುದಕ್ಕಿಂತ ನಾನೇ ಹೇಳಿದರೆ ಸ್ವಲ್ಪವಾದರೂ ಮರ್ಯಾದೆ ಉಳಿದೀತು. ಜಾವಗಲ್ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ನಮ್ಮದು ಕೊಬ್ಬರಿ ವ್ಯಾಪಾರದ ಮನೆತನ. ಅದನ್ನು ಅಣ್ಣಂದಿರು ನೋಡಿಕೊಳ್ಳುತ್ತಾರೆ, ನನಗೆ ಮೊದಲಿಂದ ಕಾಗದದ ಹುಚ್ಚು. ಇಪ್ಪತ್ತು ವರ್ಷದಿಂದ ಊರವರಿಗೆ ಅರ್ಜಿ ಬರೆದುಕೊಡುತ್ತಿದ್ದೇನೆ. ಪಹಣಿ ತಿದ್ದುಪಡಿ, ವಿಧವಾ ವೇತನ, ಚರಂಡಿಯ ತಕರಾರು, ಏನು ಬೇಕಾದರೂ. ‘ಇಂದುಧರ ಬರೆದ ಅರ್ಜಿ ವಾಪಸ್ ಬರಲ್ಲ’ ಎಂಬ ಮಾತು ಸುತ್ತಿನ ಹಳ್ಳಿಗಳಲ್ಲಿ ಓಡಾಡುತ್ತದೆ. ಆ ಮಾತನ್ನು ಹಬ್ಬಿಸಿದವನು ನಾನೇ ಎನ್ನುವುದು ಬೇರೆ ವಿಷಯ.

ಅಂಥ ಅರ್ಜಿಯೊಂದು ವಾಪಸ್ ಬಂತು. ಅದಕ್ಕೆ ಕಾರಣ ನಾನು ಬರೆದ ಒಂದು ಪದ.

ಹುಚ್ಚಮ್ಮ ನಮ್ಮ ಪಕ್ಕದ ಹೊನ್ನೇಕಟ್ಟೆಯವರು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಶುರುವಾದ ವರ್ಷದಿಂದ ಅವರದೇ ಅಡುಗೆ. ಗಿಡ್ಡ ಆಳು, ದೊಡ್ಡ ದನಿ, ಮೂವತ್ತು ದಾಟುವ ಮೊದಲೇ ಪೂರ್ತಿ ನೆರೆತ ತಲೆ. ಯಾವ ಮಗು ಬೀನ್ಸ್ ಆಯ್ದು ತಟ್ಟೆಯಂಚಿಗೆ ಸರಿಸುತ್ತದೆ, ಯಾವುದು ಮನೆಯಲ್ಲಿ ತಿಂಡಿ ತಿನ್ನದೆ ಬಂದಿದೆ, ಯಾವುದು ಸಾಕು ಸಾಕು ಎನ್ನುತ್ತಲೇ ಇನ್ನೊಂದು ಸೌಟು ಬಯಸುತ್ತದೆ, ಎಲ್ಲ ಅವರಿಗೆ ಗೊತ್ತು. ಅನ್ನ ಚೆಲ್ಲಿದವರಿಗೆ ಬೈಗುಳ, ಬೈಸಿಕೊಂಡವರಿಗೆ ಮಾರನೆಯ ದಿನ ತಳದ ಗಟ್ಟಿ ಸಾಂಬಾರು. ಆ ಶಾಲೆಯಲ್ಲಿ ಓದಿ ಮದುವೆಯಾಗಿ ಹೋದ ಹುಡುಗಿಯರು ತವರಿಗೆ ಬಂದಾಗ ಮೊದಲು ಶಾಲೆಯ ಅಡುಗೆಮನೆಗೆ ಹೋಗಿ ಇಣುಕುತ್ತಾರೆ.

ಎರಡು ಸಾವಿರದ ಇಪ್ಪತ್ತನಾಲ್ಕರ ನವೆಂಬರಿನಲ್ಲಿ ಅವರಿಗೊಂದು ಕಾಗದ ಬಂತು. ಅರವತ್ತು ತುಂಬಿದ ಅಡುಗೆಯವರನ್ನು ಮಾರ್ಚ್ ಕೊನೆಗೆ ಕೆಲಸದಿಂದ ಬಿಡುಗಡೆ ಮಾಡಲಾಗುವುದು ಎಂದು. ಹುಚ್ಚಮ್ಮನವರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಒಂದು ಒಂದು ಅರವತ್ತೈದು.

ಕಾಗದ ಹಿಡಿದು ನೇರ ನನ್ನ ಅಂಗಡಿಗೆ ಬಂದರು.

“ನಂಗೆ ಅರವತ್ತು ಅಂತ ಯಾರು ಹೇಳಿದ್ದು ಇಂದುಧರಣ್ಣ?”

“ಆಧಾರ್ ಹೇಳ್ತಿದೆಯಲ್ಲ ಹುಚ್ಚಮ್ಮ.”

“ನಾನು ಹುಟ್ಟಿದ್ದು ಆಧಾರಕ್ಕೆ ಹೆಂಗೆ ಗೊತ್ತು? ಆವತ್ತು ಫೋಟೋ ತೆಗಿಯಕ್ಕೆ ಬಂದಿದ್ದ ಹುಡ್ಗ ವಯಸ್ಸೆಷ್ಟು ಅಂದ. ಒಲೆ ಮೇಲೆ ಹಾಲಿಟ್ಟು ಬಂದಿದ್ದೆ, ನೋಡಿ ಹಾಕ್ಕೊಳಪ್ಪ ಅಂದೆ. ಅವ್ನು ತಲೆ ನೋಡಿ ಹಾಕ್ಕೊಂಡವ್ನೆ.”

ನಾನು ನಕ್ಕೆ. ಅವರು ನಗಲಿಲ್ಲ. ಅಂಗಡಿಯ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. “ಮನೇಲಿ ಉಣ್ಣಕ್ಕೆ ಕಮ್ಮಿ ಇಲ್ಲ ಕಣಣ್ಣ. ಮಗ ಅವ್ನೆ, ಸೊಸೆ ಬಂಗಾರದಂತೋಳು. ಆದ್ರೆ ಆ ಮಕ್ಳು ಉಂಡು ತಟ್ಟೆ ತೊಳಿಯೋ ಸದ್ದು ಕೇಳಿಲ್ಲ ಅಂದ್ರೆ ನಂಗೆ ಮಧ್ಯಾಹ್ನ ಆದಂಗೇ ಆಗಲ್ಲ. ನಂದು ಇನ್ನೂ ನಾಕು ವರ್ಷ ಐತೆ. ಐತೆ ಅನ್ನೋದು ಸ್ಕೂಲ್ ಬುಕ್ಕಲ್ಲೇ ಬರ್ದೈತೆ.”

ಹುಚ್ಚಮ್ಮ ಓದಿದ್ದೂ ಅದೇ ಶಾಲೆಯಲ್ಲಿ, ಐದನೇ ಕ್ಲಾಸಿನವರೆಗೆ. ಎಪ್ಪತ್ತೈದನೇ ಇಸವಿಯ ದಾಖಲಾತಿ ಪುಸ್ತಕ ಈಗಲೂ ಹೆಡ್‌ಮಾಸ್ಟರ ಕೋಣೆಯ ಕಬ್ಬಿಣದ ಬೀರುವಿನಲ್ಲಿದೆ. ಅವರ ಒಲೆಗೂ ಆ ಬೀರುವಿಗೂ ಮೂವತ್ತು ಹೆಜ್ಜೆ. ಶಾಲೆಯ ದಾಖಲೆ ತಂದರೆ ವಯಸ್ಸು ತಿದ್ದಿಕೊಳ್ಳುತ್ತೇವೆ ಎಂದು ಮೇಲಿನ ಕಚೇರಿಯವರೂ ಹೇಳಿದ್ದರು. ಹಾಗಾದರೆ ತೊಡಕು ಎಲ್ಲಿ ಅಂದರೆ, ಪುಸ್ತಕದ ಸೂಚಿಯಲ್ಲಿ ಹುಚ್ಚಮ್ಮ ಎಂಬ ಹೆಸರೇ ಇಲ್ಲ. ಅಲ್ಲಿ ಇರುವುದು ಹೇಮಾವತಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರ ತಾಯಿಗೆ ಮೊದಲು ಹುಟ್ಟಿದ ಮೂರು ಮಕ್ಕಳು ಉಳಿಯಲಿಲ್ಲ. ನಾಲ್ಕನೆಯದು ಹುಟ್ಟಿದಾಗ ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ ಮಗುವನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ಎತ್ತಿಕೊಂಡು ಬಂದು, ಹುಚ್ಚಮ್ಮ ಎಂದು ಕರೆದರು. ಇಂಥ ಹೆಸರಿನ ಮಗು ಯಾರಿಗೂ ಬೇಡವಾದದ್ದು ಎಂದುಕೊಂಡು ಸಾವು ಪಕ್ಕದಲ್ಲೇ ಹಾದು ಹೋಗಲಿ ಎಂಬ ಲೆಕ್ಕಾಚಾರ. ಅವರಪ್ಪನ ಹೆಸರೂ ಹುಚ್ಚಣ್ಣ. ಅವನೂ ಹಾಗೇ ಉಳಿದವನು. ಮಗು ಉಳಿಯಿತು, ಹೆಸರೂ ಉಳಿಯಿತು. ಆರು ವರ್ಷಕ್ಕೆ ಶಾಲೆಗೆ ಸೇರಿಸಿದಾಗ ಯಾರೋ ಮೇಷ್ಟ್ರು ಹುಚ್ಚಮ್ಮ ಎಂದು ಬರೆಯಲು ನಾಚಿಕೊಂಡು ಹೇಮಾವತಿ ಎಂದು ಬರೆದರು. ಹುಚ್ಚಮ್ಮ ನನಗೆ ಹೇಳಿದ್ದು ಹಾಗೆ, ಅವರು ತಿಳಿದುಕೊಂಡಿದ್ದೂ ಹಾಗೆ. ಐದು ವರ್ಷ ಹಾಜರಿ ಕೂಗುವಾಗ ಮಾತ್ರ ಅವರು ಹೇಮಾವತಿ. ಶಾಲೆ ಬಿಟ್ಟ ದಿನ ಆ ಹೆಸರು ಅಲ್ಲೇ ಉಳಿಯಿತು. ಮದುವೆ, ಓಟಿನ ಪಟ್ಟಿ, ರೇಷನ್ ಕಾರ್ಡು, ಆಧಾರ್ ಎಲ್ಲದರಲ್ಲೂ ಹುಚ್ಚಮ್ಮ.

ಹೆಡ್‌ಮಾಸ್ಟರು ರಾಜಶೇಖರ್ ಕೆಟ್ಟವರಲ್ಲ. ಮಧ್ಯಾಹ್ನ ಮಕ್ಕಳಿಗೆ ಬಡಿಸುವ ಮೊದಲು ಮೇಷ್ಟ್ರೊಬ್ಬರು ಊಟದ ರುಚಿ ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕುವ ಪದ್ಧತಿ ಉಂಟಲ್ಲ, ಆ ಕೆಲಸವನ್ನು ಅವರು ಬೇರೆಯವರಿಗೆ ಬಿಟ್ಟವರೇ ಅಲ್ಲ. ‘ರುಚಿಯಾಗಿದೆ’ ಎಂದು ಬರೆಯಲು ಒಂದು ಸೌಟು ಸಾಕು, ಅವರಿಗೆ ಎರಡು ಬೇಕು. ಆದರೆ ಹಿಂದೊಮ್ಮೆ ಬೇರೆ ಊರಿನಲ್ಲಿದ್ದಾಗ ಯಾರಿಗೋ ಯಾರದೋ ಟಿಸಿ ನಕಲು ಕೊಟ್ಟು, ಅದು ಜಮೀನಿನ ವ್ಯಾಜ್ಯಕ್ಕೆ ಸಿಕ್ಕಿ, ಮೂರು ವರ್ಷ ವಿಚಾರಣೆಗೆ ಅಲೆದಿದ್ದರು. ಅಂದಿನಿಂದ ಬೀರುವಿನ ಕೀಲಿಯನ್ನು ಜನಿವಾರದ ಥರ ಮೈಮೇಲೆ ಹಾಕಿಕೊಂಡೇ ಓಡಾಡುವುದು. ಹುಚ್ಚಮ್ಮ ಕೇಳಿದಾಗ ಬೇರೆಯೇ ಇಟ್ಟಿದ್ದ ಹೆಸರುಗಳ ಸೂಚಿಯಲ್ಲಿ ಬೆರಳಾಡಿಸಿ, “ಹುಚ್ಚಮ್ಮ ಅಂತ ಇಲ್ಲ. ಹೇಮಾವತಿ, ತಂದೆ ಹುಚ್ಚಣ್ಣ ಅಂತ ಒಬ್ಬರಿದ್ದಾರೆ. ಊರಲ್ಲಿ ನಾಲ್ಕು ಜನ ಹುಚ್ಚಣ್ಣಂದಿರಿದ್ರಂತೆ. ಅದು ನೀವೇ ಅಂತ ನಾನು ಹೇಗೆ ಹೇಳಲಿ? ಬರವಣಿಗೇಲಿ ಕೇಳಿ, ಬರವಣಿಗೇಲಿ ಉತ್ತರ ಕೊಡ್ತೀನಿ” ಎಂದರು. ಪುಸ್ತಕ ಮಾತ್ರ ಕೆಂಪು ಬಟ್ಟೆಯ ಗಂಟಿನಲ್ಲೇ ಇತ್ತು. ಆದೇಶವಿಲ್ಲದೆ ಆ ಗಂಟನ್ನು ಅವರು ಬಿಚ್ಚುವವರಲ್ಲ.

ಬರವಣಿಗೆ ಎಂದ ಮೇಲೆ ನಾನು ಇದ್ದೇನಲ್ಲ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕೋಣ ಎಂದೆ. ಆ ಶಾಲೆಗೆ ಹೆಡ್‌ಮಾಸ್ಟರೇ ಮಾಹಿತಿ ಅಧಿಕಾರಿ. ನನ್ನ ಕೈಬರಹ ಚೆನ್ನಾಗಿದೆ, ಭಾಷೆ ಇನ್ನೂ ಚೆನ್ನಾಗಿದೆ ಎಂದು ನನಗೆ ಆಗ ಅನ್ನಿಸುತ್ತಿತ್ತು. ಮೇಲೆ ಅರ್ಜಿದಾರರು ಶ್ರೀಮತಿ ಹುಚ್ಚಮ್ಮ ಎಂದು ಹಾಕಿ, ಕೆಳಗೆ ಬರೆದೆ: ‘1975ನೇ ಸಾಲಿನಲ್ಲಿ ತಮ್ಮ ಶಾಲೆಗೆ ದಾಖಲಾದ ಹೇಮಾವತಿ ಎಂಬುವವರ ದಾಖಲಾತಿ ವಿವರಗಳ ದೃಢೀಕೃತ ನಕಲನ್ನು ದಯಪಾಲಿಸಬೇಕೆಂದು ಕೋರುತ್ತೇನೆ.’

ಗಟ್ಟಿಯಾಗಿ ಓದಿ ತೋರಿಸಿದೆ. ಹುಚ್ಚಮ್ಮ ತಲೆ ಓರೆ ಮಾಡಿದರು.

“ಎಂಬುವವರ ಅಂದ್ರೆ ಯಾರಣ್ಣ?”

“ಅದು ಅರ್ಜಿ ಭಾಷೆ ಹುಚ್ಚಮ್ಮ. ನೀವು ಸಹಿ ಹಾಕಿ.”

ಹಾಕಿದರು. ಆ ಹೇಮಾವತಿ ನಾನೇ ಎಂದು ಎಲ್ಲೂ ಬರೆದಿಲ್ಲ ಎನ್ನುವುದು ಇಪ್ಪತ್ತು ವರ್ಷದ ಅನುಭವಸ್ಥನಿಗೆ ಹೊಳೆಯಲಿಲ್ಲ. ಐದನೇ ಕ್ಲಾಸು ಓದಿದವರಿಗೆ ಹೊಳೆದಿತ್ತು, ನಾನು ಬಾಯಿ ಮುಚ್ಚಿಸಿದೆ.

ಇಪ್ಪತ್ತೊಂಬತ್ತನೇ ದಿನ ಹೆಡ್‌ಮಾಸ್ಟರ ಉತ್ತರ ಬಂತು. ಅದರ ಪೂರ್ತಿ ಪಾಠ ನನಗೆ ಇವತ್ತಿಗೂ ಬಾಯಿಪಾಠ: ‘ಅರ್ಜಿದಾರರು ಹೇಮಾವತಿ ಎಂಬುವವರ ವೈಯಕ್ತಿಕ ಮಾಹಿತಿಯನ್ನು ಕೋರಿದ್ದು, ಸದರಿ ಹೇಮಾವತಿ ಎಂಬುವವರು ಮೂರನೇ ವ್ಯಕ್ತಿಯಾಗಿದ್ದು, ಅವರ ಒಪ್ಪಿಗೆ ಇಲ್ಲದಿರುವುದರಿಂದ ಮಾಹಿತಿ ನೀಡಲು ಬರುವುದಿಲ್ಲ.’ ನನ್ನ ಪದ ಎರಡು ಸಲ ನನ್ನನ್ನೇ ನೋಡುತ್ತಿತ್ತು.

ಹುಚ್ಚಮ್ಮ ಕಾಗದ ಕಸಿದುಕೊಂಡು ತಾವೇ ಅಕ್ಷರ ಕೂಡಿಸಿ ಓದಿದರು. ಬೈಯುತ್ತಾರೆ ಅಂದುಕೊಂಡೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಜೆರಾಕ್ಸಿಗೆ ಬಂದ ಇಬ್ಬರು ತಿರುಗಿ ನೋಡುವಷ್ಟು ನಕ್ಕರು.

“ನನ್ ವಿಸ್ಯ ನಂಗೆ ಕೊಡಕ್ಕೆ ನಂದೇ ಒಪ್ಗೆ ಇಲ್ವಂತೆ.”

“ತಪ್ಪು ನನ್ನದು ಹುಚ್ಚಮ್ಮ. ಹೊಸದಾಗಿ ಬರೆದುಕೊಡ್ತೀನಿ.”

“ಹೊಸಾದಕ್ಕೆ ಮತ್ತೆ ಒಂದ್ ತಿಂಗ್ಳು ಆಯ್ತದಲ್ಲ? ಆಮ್ಯಾಕೆ ಅದು ನೀನೇ ಅಂತ ಸಾಕ್ಷಿ ತಾ ಅಂತಾರೆ. ಸಾಕ್ಷಿ ಆ ಗಂಟೊಳ್ಗೇ ಐತೆ.” ಕಾಗದವನ್ನು ಮತ್ತೊಮ್ಮೆ ನೋಡಿದರು. ನಗು ನಿಂತಿತ್ತು. “ಅಲ್ಲ ಇಂದುಧರಣ್ಣ, ಒಪ್ಗೆ ಇಲ್ಲ ಅಂತ ಬರ್ದವ್ರಲ್ಲ, ಅವ್ಳನ್ನ ಕೇಳಿದ್ರಾ?”

“ಯಾರನ್ನ?”

“ಹೇಮಾವತೀನ.”

ನಾನು ಕಾನೂನಿನ ಪುಸ್ತಕ ತೆಗೆದೆ. ಹನ್ನೊಂದನೇ ಕಲಂನಲ್ಲಿ ಸ್ಪಷ್ಟವಾಗಿತ್ತು. ಮೂರನೇ ವ್ಯಕ್ತಿಯ ಮಾಹಿತಿ ಎಂದು ಕಂಡುಬಂದರೆ, ಅಧಿಕಾರಿ ಐದು ದಿನದೊಳಗೆ ಆ ಮೂರನೆಯವರಿಗೆ ನೋಟಿಸ್ ಕೊಟ್ಟು, ನಿಮ್ಮ ಅಭಿಪ್ರಾಯವೇನು ಎಂದು ಕೇಳಬೇಕು. ಕೇಳದೆಯೇ ಒಪ್ಪಿಗೆ ಇಲ್ಲ ಎನ್ನುವ ಹಾಗಿಲ್ಲ. ಪುಸ್ತಕ ಮುಚ್ಚಿ ಹುಚ್ಚಮ್ಮನವರಿಗೆ ಕೈಮುಗಿದೆ. ನಿಜವಾಗಿಯೂ ಮುಗಿದೆ, ತಮಾಷೆಗಲ್ಲ.

ಮೇಲ್ಮನವಿ ಬರೆದೆವು. ಈ ಸಲ ಒಂದೊಂದು ವಾಕ್ಯವನ್ನೂ ಅವರ ಮುಂದೆ ಓದಿ, ಅವರು ಹೂಂ ಎಂದ ಮೇಲೆಯೇ ಮುಂದಕ್ಕೆ ಹೋದೆ. ಅವರಿಗೆ ಹೆಡ್‌ಮಾಸ್ಟರ ಮೇಲೆ ಸಿಟ್ಟು ಬಂದಿರಬಹುದು ಎಂದುಕೊಂಡು, ಮೇಷ್ಟ್ರ ಊಟದಲ್ಲಿ ಏನಾದರೂ ಹೆಚ್ಚುಕಮ್ಮಿ ಮಾಡಿದಿರೋ ಎಂದು ಕೇಳಿದೆ. “ಅವ್ರಿಗೆ ಅಂತ ಬ್ಯಾರೆ ಪಾತ್ರೆ ಇಟ್ಟಿವ್ನಾ? ಮಕ್ಕಳ ಪಾತ್ರೇಲೇ ಅವ್ರೂ ಉಣ್ಣೋದು” ಎಂದರು.

ಜನವರಿ ಕೊನೆಗೆ ಅರಸೀಕೆರೆಯಲ್ಲಿ ವಿಚಾರಣೆ. ನಾನೂ ಹುಚ್ಚಮ್ಮನೂ ಬೆಳಿಗ್ಗೆ ಜಾವಗಲ್ಲಿನಲ್ಲಿ ಬಸ್ ಹತ್ತಿದರೆ ಮುಂದಿನ ಸೀಟಿನಲ್ಲಿ ರಾಜಶೇಖರ್ ಮೇಷ್ಟ್ರು. ಕಂಕುಳಲ್ಲಿ ಫೈಲು. ಅವರು ಕಿಟಕಿಯ ಆಚೆ ನೋಡುವ ನಾಟಕ ಮಾಡಿದರು. ಹುಚ್ಚಮ್ಮ ಡಬ್ಬಿ ತೆಗೆದರು. ಅವರೆಕಾಳಿನ ಉಪ್ಪಿಟ್ಟು. ವಾಸನೆ ಬಸ್ಸಿನ ತುಂಬ ಹರಡಿತು.

“ತಕ್ಕಳಿ ಮೇಷ್ಟ್ರೆ. ಹಸ್ಕೊಂಡು ಬಂದಿದೀರ.”

“ಬೇಡ ಹುಚ್ಚಮ್ಮ. ಇವತ್ತು ನಾವು ಎದುರುಬದುರು.”

“ಎದುರುಬದುರು ಆಪೀಸ್ನಾಗೆ ತಾನೆ? ಇದು ಬಸ್ಸು.”

ಮೇಷ್ಟ್ರು ಸೋತು ಕೈಚಾಚಿದರು. ಎರಡನೇ ಸಲವೂ ಚಾಚಿದರು. ಅರಸೀಕೆರೆ ಬರುವ ಹೊತ್ತಿಗೆ ಡಬ್ಬಿ ಖಾಲಿಯಾಗಿತ್ತು, ನನಗೆ ಸಿಕ್ಕಿದ್ದು ಒಂದೇ ತುತ್ತು.

ಮೇಲ್ಮನವಿ ಕೇಳುವ ಅಧಿಕಾರಿ ಶರ್ಮಿಳಾ ಎಂಬ ನಲವತ್ತರ ಹೆಂಗಸು. (ಇಲ್ಲಿ ‘ಎಂಬ’ ಹಾಕಬಹುದು, ಅವರು ಬೇರೆಯವರೇ.) ಮೊದಲು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಎದ್ದು ನಿಂತು, ಅರ್ಜಿದಾರರ ಹೆಸರು ಒಂದು, ಕೇಳಿದ ಹೆಸರು ಇನ್ನೊಂದು, ಅರ್ಜಿಯಲ್ಲೇ ‘ಎಂಬುವವರ’ ಎಂದು ಬರೆದಿದ್ದಾರೆ ಎಂದು ನನ್ನ ಕಡೆಗೆ ನೋಡದೆಯೇ ಹೇಳಿದರು. ಅವರ ಸೌಜನ್ಯಕ್ಕೆ ನಾನು ಋಣಿ.

“ನೀವೇನು ಹೇಳ್ತೀರಮ್ಮ?” ಎಂದು ಶರ್ಮಿಳಾ ಮೇಡಂ ಹುಚ್ಚಮ್ಮನ ಕಡೆ ತಿರುಗಿದರು. ನಾನು ಎರಡು ಹಾಳೆ ಭಾಷಣ ಬರೆದುಕೊಟ್ಟಿದ್ದೆ. ಅದು ಅವರ ಚೀಲದಲ್ಲೇ ಉಳಿಯಿತು.

“ನಾನೇ ಹೇಮಾವತಿ ಅಂತೀನಿ, ಮೇಷ್ಟ್ರು ಅಲ್ಲ ಅಂತಾರೆ. ಸರಿ, ಅಲ್ಲ ಅಂತಾನೇ ಇಟ್ಕೊಳಾಣ ಮೇಡಂ. ಅವ್ರು ಹೇಳ್ದಂಗೆ ಅವ್ಳು ಮೂರ್ನೇವ್ಳು. ಮೂರ್ನೇವ್ಳನ್ನ ಕೇಳ್ದೆ ಅವ್ಳಿಗೆ ಒಪ್ಗೆ ಇಲ್ಲ ಅಂತ ಹೆಂಗೆ ಬರದ್ರು? ಒಂದ್ಸಲ ಕೇಳ್ಲಿ. ಅವ್ಳು ಬ್ಯಾಡ ಅಂದ್ರೆ ನಾನು ಸುಮ್ಕಾಯ್ತೀನಿ.”

ಶರ್ಮಿಳಾ ಮೇಡಂ ಕೈಯಿಂದ ಬಾಯಿ ಮುಚ್ಚಿಕೊಂಡರು. ಕಣ್ಣು ನಗುತ್ತಿತ್ತು. ಮೇಷ್ಟ್ರನ್ನು ಕೇಳಿದರು, “ನೋಟಿಸ್ ಕೊಟ್ಟಿದ್ರಾ?”

“ಇಲ್ಲ ಮೇಡಂ. ವಿಳಾಸ...”

“ವಿಳಾಸ ಸೂಚೀಲಿ ಇದೆಯಲ್ಲ, ಹೇಮಾವತಿ, ಹುಚ್ಚಣ್ಣನ ಮಗಳು, ಹೊನ್ನೇಕಟ್ಟೆ. ನಾನು ಈಗಲೇ ಪುಸ್ತಕ ತೋರಿಸಿ ಅನ್ನಬಹುದು. ಆದರೆ ನಾಳೆ ವಯಸ್ಸಿನ ವಿಷಯಕ್ಕೆ ಇನ್ನೊಬ್ಬರು ತಕರಾರು ತೆಗೆದರೆ? ಹೇಮಾವತಿಯ ಸಹಿಯೇ ಫೈಲಿನಲ್ಲಿ ಇರಲಿ. ಐದು ದಿನದಲ್ಲಿ ನೋಟಿಸ್ ಕೊಡಿ. ಅವರು ಒಪ್ಪಿದರೆ ಅದೇ ದಿನ ಪುಸ್ತಕ ತೆಗೆದು ನಕಲು ಕೊಡಿ.”

ಆದೇಶ ಕೈಗೆ ಬರುವ ಹೊತ್ತಿಗೆ ಫೆಬ್ರವರಿ ಅರ್ಧ ಕಳೆದಿತ್ತು. ಮೇಷ್ಟ್ರು ನೋಟಿಸ್ ಬರೆದು ಲಕೋಟೆಗೆ ಹಾಕಿ ಅಂಟಿಸುತ್ತಿದ್ದಾಗ ಹುಚ್ಚಮ್ಮ ಕಾಫಿ ಕೊಡಲು ಹೋಗಿದ್ದರಂತೆ. “ಇಲ್ಲೇ ಕೊಟ್ಬುಡಿ ಮೇಷ್ಟ್ರೆ” ಎಂದರೆ, “ಇದು ಹೇಮಾವತಿಗೆ ಬರೆದಿದ್ದು, ನಿಮಗೆ ಹೇಗೆ ಕೊಡಲಿ?” ಎಂದರಂತೆ. ಹಾಗಾಗಿ ಮೂವತ್ತು ಹೆಜ್ಜೆ ದೂರಕ್ಕೆ ಹೋಗಬೇಕಾದ ಲಕೋಟೆ ರಿಜಿಸ್ಟರ್ಡ್ ಅಂಚೆಯಲ್ಲಿ ಜಾವಗಲ್ಲಿನಿಂದ ಹೊರಟು ಎಲ್ಲೆಲ್ಲೋ ಸುತ್ತಿತು. ಮಾರ್ಚ್ ಮೂರನೇ ತಾರೀಖು ಪೋಸ್ಟ್‌ಮ್ಯಾನ್ ಮಂಜುನಾಥ ನನ್ನ ಅಂಗಡಿಯ ಮುಂದೆ ಬೈಕ್ ನಿಲ್ಲಿಸಿ ಹಣೆ ಒರೆಸಿಕೊಂಡ. ಅವನು ಹೊಸಬ. ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು.

“ಸರ್, ಹೊನ್ನೇಕಟ್ಟೆಯಲ್ಲಿ ಹೇಮಾವತಿ ಅಂತ ಯಾರೂ ಇಲ್ಲ. ಮೊನ್ನೆನೇ ನಾಲ್ಕು ಹುಚ್ಚಣ್ಣಂದಿರ ಮನೆಗೂ ಹೋಗಿ ಬಂದೆ. ಕೊನೇ ಮನೇಲಿ ಒಬ್ಬರು, ಅದು ನಮ್ಮತ್ತೇನೆ, ಇದು ಅವರಪ್ಪನದೇ ಮನೆ, ಕೊಡಿ ಅಂದ್ರು. ನಿಮ್ಮ ಹೆಸರೇನು ಅಂದ್ರೆ ಹೇಮಾಶ್ರೀ ಅಂದ್ರು. ಅತ್ತೆ ಆಧಾರ್ ತೋರಿಸಿ ಅಂದ್ರೆ ಹುಚ್ಚಮ್ಮ ಅಂತಿದೆ. ನಾನು ಹೇಗೆ ಕೊಡ್ಲಿ? ಕಳಿಸಿದವರಿಗೇ ವಾಪಸ್ ಕೊಡೋಕೆ ಹೋಗ್ತಿದೀನಿ. ಶಾಲೆಯವರೇ ಕಳಿಸಿರೋದು.”

‘ಇಂಥವರು ಇಲ್ಲ’ ಎಂದು ಷರಾ ಬರೆದು ವಾಪಸ್ ಕೊಟ್ಟರೆ ಮುಗಿಯಿತು, ಹೇಮಾವತಿ ಎನ್ನುವವಳು ಸರ್ಕಾರದ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಮತ್ತೆ ಮನವಿ, ಮತ್ತೆ ದಿನಾಂಕ, ಅಷ್ಟರಲ್ಲಿ ಮಾರ್ಚ್ ಮೂವತ್ತೊಂದು. “ನಿಧಾನಕ್ಕೆ ಹೋಗಪ್ಪ, ಒಂದು ಕಾಫಿ ಕುಡಿದು ಹೋಗು” ಎಂದು ಅವನನ್ನು ಹೋಟೆಲಿನಲ್ಲಿ ಕೂರಿಸಿ, ಶಟರ್ ಅರ್ಧ ಎಳೆದು, ಸ್ಕೂಟರ್ ಹತ್ತಿ ಹೊನ್ನೇಕಟ್ಟೆಗೆ ಹೊಡೆದೆ. ದಾರಿಯಲ್ಲಿ ವಿಶಾಲಮ್ಮನವರ ತೆಂಗಿನ ತೋಟ. ಆಕೆ ನಮ್ಮ ದೂರದ ಸಂಬಂಧ, ಹುಚ್ಚಮ್ಮನ ಜೊತೆ ಐದು ವರ್ಷ ಒಂದೇ ಮಣೆಯ ಮೇಲೆ ಕೂತು ಓದಿದವರು. ತೋಟದ ಮನೆಯಲ್ಲಿ ಕಾಯಿ ಎಣಿಸುತ್ತಿದ್ದವರನ್ನು ಇದ್ದ ಸೀರೆಯಲ್ಲೇ ಹಿಂದೆ ಕೂರಿಸಿಕೊಂಡೆ. ಯಾಕೆ ಏನು ಎಂದು ದಾರಿಯುದ್ದಕ್ಕೂ ಕೂಗಿ ಹೇಳಿದೆ.

ನಾವು ತಲುಪಿದಾಗ ಮಂಜುನಾಥನೂ ಹಿಂದೆಯೇ ಬಂದ. ಕಾಫಿ ಬಹಳ ಬಿಸಿ ಇರಲಿಲ್ಲವೆಂದು ಕಾಣುತ್ತದೆ. ಶಾಲೆಯ ಜಗಲಿಯ ಮೇಲೆ ಮೇಷ್ಟ್ರು ಲಕೋಟೆ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡುತ್ತಿದ್ದರು. ಅವರ ಮುಖವೂ ಸಪ್ಪೆಯಾಗಿತ್ತು. “ನಾನೇನು ಮಾಡಲಿ ಇಂದುಧರ್? ಅಂಚೆಯವರೇ ಇಲ್ಲ ಅಂತಿದ್ದಾರೆ” ಎಂದರು.

“ನಾನು ಸಾಕ್ಷಿ ಹೇಳ್ತೀನಿ ಮೇಷ್ಟ್ರೆ” ಎಂದರು ವಿಶಾಲಮ್ಮ. “ಅವಳ ಸ್ಲೇಟು ಒಡೆದವಳು ನಾನು.”

“ನಿಮ್ಮ ಮಾತು ನಂಬ್ತೀನಿ ತಾಯಿ. ಆದರೆ ನೀವು ಅವರ ಗೆಳತಿ. ನಾಳೆ ಯಾರಾದರೂ ಕೇಳಿದರೆ...”

ವಿಶಾಲಮ್ಮ ಅಡುಗೆಮನೆಯ ಕಡೆ ನೋಡಿದರು. ಒಳಗಿಂದ ಒಗ್ಗರಣೆಯ ಸದ್ದು ಬರುತ್ತಿತ್ತು. ಹುಚ್ಚಮ್ಮನಿಗೆ ನಾವು ಬಂದಿದ್ದೇ ಗೊತ್ತಿರಲಿಲ್ಲ. ವಿಶಾಲಮ್ಮ ದನಿ ತಗ್ಗಿಸಿ ಹೇಳಿದರು, “ಹಾಗಾದ್ರೆ ನೀವೇ ಹಾಜರಿ ಕೂಗಿ. ಆ ಲಕೋಟೆ ಮೇಲಿರೋ ಹೆಸರನ್ನ ಕೂಗಿ. ಕ್ಲಾಸಲ್ಲಿ ಕೂಗೋ ಹಾಗೇ ಕೂಗಬೇಕು.”

ಮೇಷ್ಟ್ರು ಒಂದು ಕ್ಷಣ ಅನುಮಾನಿಸಿದರು. ಆಮೇಲೆ ಅವರಿಗೂ ಕುತೂಹಲ ಬಂತೋ ಏನೋ, ಕನ್ನಡಕ ಸರಿಮಾಡಿಕೊಂಡು, ಲಕೋಟೆಯನ್ನು ಹಾಜರಿ ಪುಸ್ತಕದಂತೆ ಹಿಡಿದು, ಮೂವತ್ತು ವರ್ಷ ಮಕ್ಕಳನ್ನು ಕೂಗಿ ಪಳಗಿದ ದನಿಯಲ್ಲಿ ಕೂಗಿದರು.

“ಹೇಮಾವತಿ.”

ಒಗ್ಗರಣೆಯ ಸದ್ದಿನ ಮಧ್ಯದಿಂದ, ತಡವಿಲ್ಲದೆ, ಯೋಚನೆಯಿಲ್ಲದೆ ಉತ್ತರ ಬಂತು.

“ಬಂದಿವ್ನಿ ಸಾ.”

ಸೌಟು ನೆಲಕ್ಕೆ ಬಿದ್ದ ಸದ್ದು. ಹುಚ್ಚಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಕರಿಬೇವು, ಮುಖ ಬಿಳುಪಾಗಿತ್ತು. “ಯಾರು? ಯಾರು ಕೂಗಿದ್ದು?” ಎಂದು ನಮ್ಮೆಲ್ಲರ ಮುಖ ನೋಡಿದರು. ನಲವತ್ತೈದು ವರ್ಷದಿಂದ ಅವರನ್ನು ಯಾರೂ ಆ ಹೆಸರಿನಿಂದ ಕೂಗಿರಲಿಲ್ಲ. ವಿಶಾಲಮ್ಮ ಮಾತ್ರ ಗೆದ್ದವರ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಮಂಜುನಾಥ ಮೇಷ್ಟ್ರ ಕೈಯಿಂದ ಲಕೋಟೆ ತೆಗೆದುಕೊಂಡು, “ಇಲ್ಲಿ ಸಹಿ ಹಾಕಿ ಹೇಮಾವತಮ್ಮ” ಎಂದ. ಮೇಷ್ಟ್ರೂ ವಿಶಾಲಮ್ಮನೂ ಗುರುತು ಹಿಡಿದ ಸಾಕ್ಷಿಗಳಾಗಿ ಕೆಳಗೆ ಸಹಿ ಹಾಕಿದರು. ಮೇಷ್ಟ್ರಿಗೆ ಯಾರೂ ಹೇಳಲಿಲ್ಲ, ಅವರೇ ಪೆನ್ನು ಕೇಳಿ ಪಡೆದರು.

ನೋಟಿಸಿಗೆ ಉತ್ತರ ಬರೆಯಬೇಕಿತ್ತು. ನಾನು ಜೇಬಿನಿಂದ ಹಾಳೆ ತೆಗೆದೆ.

“ನೀವ್ ಬ್ಯಾಡ ಇಂದುಧರಣ್ಣ. ಮತ್ತೆ ಎಂಬುವವರ ಅಂದ್ಬುಡ್ತೀರ.”

ಮೇಷ್ಟ್ರ ಮೇಜಿನ ಮೇಲೆ ಬಗ್ಗಿ, ದುಂಡಗಿನ ಐದನೇ ಕ್ಲಾಸಿನ ಅಕ್ಷರದಲ್ಲಿ ಅವರೇ ಬರೆದರು: ‘ಹೇಮಾವತಿ ಆದ ನಾನು ನನ್ನ ವಿವರವನ್ನು ಹುಚ್ಚಮ್ಮ ಆದ ನನಗೆ ಕೊಡಲು ಒಪ್ಪಿದ್ದೇನೆ.’ ಇಪ್ಪತ್ತು ವರ್ಷದಲ್ಲಿ ನಾನು ಅಷ್ಟು ಚೊಕ್ಕವಾದ ವಾಕ್ಯ ಬರೆದಿಲ್ಲ.

ಮೇಷ್ಟ್ರು ಕೀಲಿ ತೆಗೆದರು. ಬೀರು ಕಿರುಗುಟ್ಟಿತು. ಕೆಂಪು ಬಟ್ಟೆಯ ಗಂಟು ಬಿಚ್ಚಿದಾಗ ಧೂಳಿಗೆ ನಾವೆಲ್ಲ ಒಂದು ಸುತ್ತು ಸೀನಿದೆವು. ಎಪ್ಪತ್ತೈದನೇ ಇಸವಿಯ ಪುಟ ಸಿಕ್ಕಿತು. ಮೇಷ್ಟ್ರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಹುಟ್ಟಿದ ದಿನ ಒಂದು ಆರು ಅರವತ್ತೊಂಬತ್ತು. ಹುಚ್ಚಮ್ಮನಿಗೆ ಇನ್ನೂ ಐವತ್ತಾರೂ ತುಂಬಿರಲಿಲ್ಲ. ಅದರ ಕೆಳಗಿನ ಸಾಲು ವಿಶಾಲಮ್ಮನದು, ಅದರಲ್ಲೂ ಒಂದು ಆರು ಅರವತ್ತೊಂಬತ್ತು. ಅದರ ಕೆಳಗೂ ಅದೇ. ಇಡೀ ಪುಟದ ಮಕ್ಕಳು ಜೂನ್ ಒಂದರಂದೇ ಹುಟ್ಟಿದ್ದರು.

“ನಮ್ಮವ್ವ ನನ್ನ ದೀಪಾವಳಿಯಲ್ಲಿ ಹೆತ್ತೆ ಅಂತಿದ್ದಳು” ಎಂದರು ವಿಶಾಲಮ್ಮ.

“ಆಗೆಲ್ಲ ಶಾಲೆಗೆ ಸೇರಿಸೋ ದಿನಕ್ಕೆ ಸರಿಯಾಗಿ ಆರು ವರ್ಷ ತುಂಬೋ ಹಾಗೆ ಬರ್ಕೊಳ್ತಿದ್ರು ತಾಯಿ. ತಿಂಗಳು ಹೇಗೂ ಇರಲಿ, ವರ್ಷ ಸರಿ ಇದೆ. ನಂದೂ ಜೂನೇ” ಎಂದು ಮೇಷ್ಟ್ರು ನಕ್ಕರು. ನಗುತ್ತಲೇ ಹೆಸರಿನ ಕಾಲಂಗೆ ಬಂದರು, ಅಲ್ಲಿ ನಗು ನಿಂತಿತು.

ಅಲ್ಲಿ ಮೊದಲು ಹುಚ್ಚಮ್ಮ ಎಂದೇ ಬರೆದಿತ್ತು. ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೇಮಾವತಿ ಎಂದಿತ್ತು. ಕೊನೆಯ ಷರಾ ಕಾಲಂನಲ್ಲಿ ಹಳೆಯ ಮೇಷ್ಟ್ರು ಸಣ್ಣ ಅಕ್ಷರದಲ್ಲಿ ಕಾರಣ ಬರೆದಿದ್ದರು. ರಾಜಶೇಖರ್ ಮೇಷ್ಟ್ರು ಓದಿದರು.

“‘ತಂದೆ ಹುಚ್ಚಣ್ಣ, ಹೇಮಾವತಿ ಅಣೆಕಟ್ಟಿನ ಕೂಲಿ, ಇವರ ಕೋರಿಕೆಯಂತೆ ಹೆಸರು ಬದಲಿಸಿದೆ. ಮಗು ಉಳಿದಿದೆ.’”

ಅದರ ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು.

ಹುಚ್ಚಮ್ಮ ಮೇಷ್ಟ್ರ ಕೈಯಿಂದ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ತಾವೇ ಓದಿದರು. ಎರಡು ಸಲ ಓದಿದರು.

“ನಾನು ಮೇಷ್ಟ್ರು ಇಟ್ಟಿದ್ದು ಅನ್ಕೊಂಡಿದ್ದೆ” ಎಂದರು. “ನಮ್ಮಪ್ಪ ಹೊಳೆ ಕಟ್ಟಕ್ಕೆ ಅಂತ ಗೊರೂರ್ ಕಡಿಗೆ ಹೋಗಿ ತಿಂಗ್ಳುಗಟ್ಲೆ ಇರ್ತಿತ್ತು. ಬಂದಾಗ ಅಷ್ಟ್ ನೀರ್ ನೋಡ್ದೆ ಕಣವ್ವ, ಇಷ್ಟ್ ನೀರ್ ನೋಡ್ದೆ ಅಂತಿತ್ತು. ಆದ್ರೆ ಸಾಯೋಗಂಟ ಒಂದಿನಾನೂ ನನ್ನ ಹೇಮಾವತಿ ಅಂತ ಕರೀಲಿಲ್ಲ.”

“ಕರೆದ್ರೆ ಸಾವಿಗೆ ಕೇಳ್ಸುತ್ತೆ ಅಂತ ಹೆದರಿದ್ದ ಕಣೇ ಹುಚ್ಚಿ” ಎಂದರು ವಿಶಾಲಮ್ಮ. “ಅದಕ್ಕೇ ಹೆಸರನ್ನ ಇಲ್ಲಿ ತಂದು ಬಚ್ಚಿಟ್ಟಿದ್ದಾನೆ.”

ಹುಚ್ಚಮ್ಮ ತಮ್ಮ ಹೆಬ್ಬೆರಳನ್ನು ಅಪ್ಪನ ಹೆಬ್ಬೆಟ್ಟಿನ ಮೇಲೆ ಮೆಲ್ಲಗೆ ಇಟ್ಟು ಅತ್ತರು. ಸದ್ದು ಮಾಡಿ ಅತ್ತರು, ಅವರ ನಗುವಿನ ಹಾಗೇ. ನಾನೂ ಅತ್ತೆ, ಅದನ್ನು ಮುಚ್ಚಿಡುವುದಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಲೇ ಇದ್ದರು. ಆಗ ಹೊರಗೆ ಊಟದ ಗಂಟೆ ಹೊಡೆಯಿತು, ತಟ್ಟೆಗಳು ಗಲಗಲ ಎಂದವು. ಹುಚ್ಚಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಅಯ್ಯೋ, ಒಗ್ರಣೆ” ಎಂದು ಓಡಿದರು. ಆ ದಿನದ ರುಚಿಯ ಪುಸ್ತಕದಲ್ಲಿ ಮೇಷ್ಟ್ರು ‘ಒಗ್ಗರಣೆ ಸ್ವಲ್ಪ ಸೀದಿದೆ, ಕಾರಣ ಸಮಂಜಸವಾಗಿದೆ’ ಎಂದು ಬರೆದಿದ್ದಾರೆ. ಬೇಕಾದವರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ನೋಡಬಹುದು.

ನಕಲು ಅದೇ ಸಂಜೆ ಸಿಕ್ಕಿತು. ಮೇಲಿನ ಕಚೇರಿಯವರು ಮಾರ್ಚ್ ಇಪ್ಪತ್ತಾರರಂದು ಹುಚ್ಚಮ್ಮನ ಹೆಸರನ್ನು ಬಿಡುಗಡೆಯ ಪಟ್ಟಿಯಿಂದ ತೆಗೆದರು. ನಾನು ಅಂಗಡಿಯಲ್ಲಿ ‘ಎಂಬುವವರ’ ಎಂಬ ಪದವನ್ನು ಬರೆಯುವ ಮೊದಲು ಈಗ ಎದುರಿಗೆ ಕೂತವರನ್ನು ಕೇಳುತ್ತೇನೆ, ನೀವು ಯಾರು ಎಂದು. ಅರ್ಧ ಜನ ಹೊಸದೊಂದು ಹೆಸರು ಹೇಳುತ್ತಾರೆ.

ಎಲ್ಲ ಕಾಗದದಲ್ಲೂ ಹೇಮಾವತಿ ಎಂದೇ ಬದಲಿಸಿಕೊಡಲೇ ಎಂದು ಹುಚ್ಚಮ್ಮನನ್ನು ಕೇಳಿದೆ. “ಬ್ಯಾಡ ಕಣಣ್ಣ. ಹುಚ್ಚಮ್ಮ ನನ್ನ ಉಳ್ಸಿದ್ದು. ಉಳ್ಸಿದೋಳ್ನ ಬುಟ್ಬುಡಕ್ಕೆ ಆಯ್ತದಾ?” ಎಂದರು. ಹೇಮಾವತಿ ಎನ್ನುವುದಕ್ಕೆ ಅವರು ಒಂದೇ ಜಾಗ ಬಿಟ್ಟಿದ್ದಾರೆ. ರಾಜಶೇಖರ್ ಮೇಷ್ಟ್ರು ಬೆಳಿಗ್ಗೆ ಮಕ್ಕಳ ಹಾಜರಿ ಮುಗಿಸಿ, ಪುಸ್ತಕ ಮುಚ್ಚುವ ಮೊದಲು ಅಡುಗೆಮನೆಯ ಕಡೆ ತಿರುಗಿ ಆ ಹೆಸರನ್ನೂ ಕೂಗುತ್ತಾರೆ. ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಕಾಯುತ್ತವೆ.

ಒಳಗಿಂದ ದೊಡ್ಡ ದನಿಯಲ್ಲಿ ಉತ್ತರ ಬರುತ್ತದೆ. “ಬಂದಿವ್ನಿ ಸಾ.”